ಮೊದಲು ‘ಏನು?’, ಆಮೇಲೆ ‘ಯಾರು?’



ನಿಮ್ಮ ಮನೆಯಲ್ಲಿ ಕಾರೋ ವ್ಯಾನೋ ಇದ್ದರೆ ಈ ಅನುಭವ ನಿಮಗೆ ಹೊಸದಲ್ಲ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಒಂದು ದಿನ ರಸ್ತೆಯ ಹಂಪ್ ದಾಟುವಾಗ ಹಿಂದುಗಡೆ ‘ಟಕ್’ ಎಂದು ಒಂದು ಸದ್ದು. ಯಾವುದೋ ಕಲ್ಲು ಹಾರಿರಬೇಕೆಂದು ಸುಮ್ಮನಾಗುತ್ತೀರಿ. ಮರುದಿನ ಮತ್ತೆ ‘ಟಕ್’. ಮೂರನೆಯ ದಿನ ಪಕ್ಕದಲ್ಲಿ ಕುಳಿತವರ ಮಾತೂ ನಿಮಗೆ ಬೇಡವಾಗಿ, ಕಿವಿ ಅದೊಂದೇ ಸದ್ದಿಗೆ ಕಾದಿರುತ್ತದೆ. ಇಳಿದು ಹಿಂದೆ ಹೋಗಿ ನೋಡಿದರೆ ಏನೂ ಕಾಣದು. ಮೆಕ್ಯಾನಿಕ್ ಬಂದು ಒಂದು ಸುತ್ತು ಓಡಿಸಿದರೆ, ಆ ಹೊತ್ತಿಗೆ ಸದ್ದೇ ಬಾರದು!

ಕುಟುಂಬದ ಬಗ್ಗೆ ಬರೆಯುವ ಪುಟದಲ್ಲಿ ಗ್ಯಾರೇಜಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಆ ಸದ್ದು ಕೇಳಿದ ಕೂಡಲೇ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆಯನ್ನು ಗಮನಿಸಿ. ‘ಏನಾಗಿದೆ?’ ಎಂದು ಕೇಳುವವರು ಕಡಿಮೆ. ‘ನಿನ್ನೆ ಗಾಡಿ ತೆಗೆದುಕೊಂಡು ಹೋದವರು ಯಾರು?’ ಎಂದು ಕೇಳುವವರೇ ಹೆಚ್ಚು. ಇವೆರಡೂ ಒಂದೇ ಪ್ರಶ್ನೆಯ ಎರಡು ರೂಪಗಳಂತೆ ತೋರುತ್ತವೆ. ಆದರೆ ಅವು ಬೇರೆ ಬೇರೆ. ಮೊದಲನೆಯದು ಸತ್ಯವನ್ನು ಹುಡುಕುತ್ತದೆ, ಎರಡನೆಯದು ತಪ್ಪಿತಸ್ಥನನ್ನು ಹುಡುಕುತ್ತದೆ. ಇವುಗಳ ಸರದಿ ತಪ್ಪಿದರೆ ಅನ್ಯಾಯವಾಗುತ್ತದೆ ಎಂಬುದೇ ಈ ವಾರ ನಾನು ನಿಮ್ಮ ಮುಂದೆ ಇಡಬಯಸುವ ವಿಚಾರ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಮಲೆನಾಡಿನ ಒಂದು ಊರು. ಅಲ್ಲಿನ ಒಂದು ಕುಟುಂಬದಲ್ಲಿ ಹಳೆಯ ಮಾರುತಿ ಓಮ್ನಿ ವ್ಯಾನೊಂದಿದೆ. ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತುಹೋಗಿದ್ದರೂ ನಮ್ಮ ರಸ್ತೆಗಳಲ್ಲಿ ಅದನ್ನು ಇಂದಿಗೂ ಕಾಣುತ್ತೇವೆ. ಮದುವೆ, ಮರಣ, ಆಸ್ಪತ್ರೆ ಎಂದು ದೂರ ಹೋಗಬೇಕಾದಾಗ ಆ ಮನೆಯವರು ನೆರೆಯ ಹುಡುಗನೊಬ್ಬನನ್ನು ದಿನಗೂಲಿಗೆ ಕರೆದು ಗಾಡಿ ಓಡಿಸುತ್ತಾರೆ. ಒಂದು ಶನಿವಾರ ಅವನು ಮದುವೆಯ ಜನರನ್ನು ಕೂರಿಸಿಕೊಂಡು ಹೋಗಿ ಬರುತ್ತಾನೆ. ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಟ ಯಜಮಾನರಿಗೆ ಹಿಂದುಗಡೆ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಸಂಜೆ ಹುಡುಗನಿಗೆ ಕರೆ ಹೋಗುತ್ತದೆ.

“ಗಾಡೀನ ಏನೋ ಮಾಡ್ದೆ? ಯಾವ ಗುಂಡಿಗೆ ಹಾಕ್ದೆ?”

“ಇಲ್ಲ ಅಣ್ಣಾ, ನಾನು ಮೆಲ್ಲಗೇ ಓಡ್ಸಿದ್ದು.”

ಅವನ ಮಾತನ್ನು ಯಾರು ನಂಬುತ್ತಾರೆ? ಶನಿವಾರ ಓಡಿಸಿದವನು ಅವನು, ಸದ್ದು ಬಂದದ್ದು ಭಾನುವಾರ. ಆ ದಿನದ ಕೂಲಿಯಲ್ಲಿ ಅರ್ಧ ಹಿಡಿದುಕೊಳ್ಳುತ್ತಾರೆ. ಮುಂದೆ ಅವನನ್ನು ಕರೆಯುವುದಿಲ್ಲ. ಮಾತು ಒಂದು ಮನೆಯಲ್ಲಿ ನಿಲ್ಲುವುದೂ ಇಲ್ಲ. ‘ಅವನ ಕೈಗೆ ಗಾಡಿ ಕೊಡಬೇಡಿ’ ಎಂದು ಇನ್ನೆರಡು ಮನೆಗಳಿಗೂ ಹೋಗುತ್ತದೆ. ಇತ್ತ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಾಯಿಸುತ್ತಾರೆ. ಸದ್ದು ಮಾತ್ರ ಹೋಗುವುದಿಲ್ಲ. ಕೊನೆಗೆ ಅನುಭವಸ್ಥ ಮೆಕ್ಯಾನಿಕ್ ಒಬ್ಬರು ಗಾಡಿಯಡಿ ಮಲಗಿ, ಸ್ಪ್ರಿಂಗ್ ಪಟ್ಟಿಯ ತುದಿಗೆ ಕಬ್ಬಿಣದ ಸರಳು ಕೊಟ್ಟು ಮೀಟಿ ನೋಡುತ್ತಾರೆ. ಅಲ್ಲಿರುವ ರಬ್ಬರ್ ಬುಶ್ ಗಟ್ಟಿಯಾಗಿ, ಸವೆದು, ಪುಡಿಯಾಗಿರುತ್ತದೆ. “ಸಾರ್, ಇದು ಒಂದು ದಿನದಲ್ಲಿ ಆದದ್ದಲ್ಲ. ವರ್ಷಗಟ್ಟಲೆಯಿಂದ ಸವೆದಿದೆ” ಎನ್ನುತ್ತಾರೆ. ಲೋಹಕ್ಕೆ ಲೋಹ ತಾಗುವ ಹಂತಕ್ಕೆ ಅದು ಬಂದು ಮುಟ್ಟಿದ್ದು ಆ ಶನಿವಾರ, ಅಷ್ಟೇ.

ಹೊಸ ಬುಶ್ ಹಾಕಿದ ಮೇಲೆ ಗಾಡಿಯ ಸದ್ದು ನಿಂತಿತು. ಹುಡುಗನ ಮೇಲೆ ಬಂದ ಮಾತು ನಿಂತಿತೇ?

ನಮ್ಮ ಹಿರಿಯರು ಇಂಥ ತಪ್ಪಿಗೆ ಒಂದು ಹೆಸರಿಟ್ಟಿದ್ದಾರೆ: ಕಾಕತಾಳೀಯ ನ್ಯಾಯ. ಕಾಗೆ ಬಂದು ತಾಳೆಮರದ ಮೇಲೆ ಕುಳಿತಿತು, ಅದೇ ಕ್ಷಣಕ್ಕೆ ಹಣ್ಣು ಬಿತ್ತು. ಹಣ್ಣು ಬಿದ್ದದ್ದು ಕಾಗೆಯಿಂದಲೇ ಎಂದು ನೋಡಿದವನು ತಿಳಿದ. ಹಣ್ಣು ಎಷ್ಟು ದಿನಗಳಿಂದ ಮಾಗುತ್ತಿತ್ತು, ತೊಟ್ಟು ಎಷ್ಟು ಸಡಿಲವಾಗಿತ್ತು ಎಂಬುದನ್ನು ಅವನು ನೋಡಲಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವಂಥದ್ದಲ್ಲ. ಕಾಗೆ ಕಣ್ಣಿಗೆ ಬಿತ್ತು. ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಇದನ್ನು ಕಲಿಸುತ್ತಾರೆ: ಒಂದರ ನಂತರ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ಆದರೆ ಪಾಠ ಕಲಿತವರೂ ಮನೆಯಂಗಳದಲ್ಲಿ ಅದನ್ನು ಮರೆಯುತ್ತಾರೆ. ಕೊನೆಗೆ ಮುಟ್ಟಿದವನೇ ಕೆಡಿಸಿದವನು ಎಂಬುದು ನಮ್ಮ ಅಲಿಖಿತ ಕಾನೂನು.

ಇನ್ನು, ಒಳ್ಳೆಯ ಮೆಕ್ಯಾನಿಕ್ ಒಬ್ಬನು ಈ ಸದ್ದನ್ನು ಹೇಗೆ ಹುಡುಕುತ್ತಾನೆ ನೋಡಿ. ಅದರಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ.

ಮೊದಲನೆಯದಾಗಿ, ಅವನು ತನ್ನ ಕಿವಿಯನ್ನು ಪೂರ್ತಿ ನಂಬುವುದಿಲ್ಲ. ಗಾಡಿಯ ಮೈಯೆಲ್ಲ ಒಂದಕ್ಕೊಂದು ಬೆಸೆದ ತಗಡು. ಒಂದು ಮೂಲೆಯ ಹೊಡೆತ ಇನ್ನೊಂದು ಮೂಲೆಯಲ್ಲಿ ಸದ್ದಾಗಿ ಕೇಳಬಹುದು. ‘ಧಡ್’ ಎಂಬಂಥ ದಪ್ಪ ಸದ್ದು ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು ಮನುಷ್ಯನ ಕಿವಿಗೆ ಕಷ್ಟ, ಮುಚ್ಚಿದ ಗಾಡಿಯೊಳಗೆ ಇನ್ನೂ ಕಷ್ಟ. ಆದ್ದರಿಂದ ಸದ್ದು ಕೇಳಿಸುವ ಜಾಗವೇ ದೋಷವಿರುವ ಜಾಗವೆಂದು ಅವನು ಹೇಳುವುದಿಲ್ಲ.

ಎರಡನೆಯದಾಗಿ, ‘ಸದ್ದು ಎಲ್ಲಿ?’ ಎನ್ನುವುದಕ್ಕಿಂತ ‘ಸದ್ದು ಯಾವಾಗ?’ ಎಂದು ಕೇಳುತ್ತಾನೆ. ಗುಂಡಿ, ಹಂಪುಗಳಲ್ಲಿ ಮಾತ್ರ ಬರುವುದಾದರೆ ಶಾಕ್ ಅಬ್ಸಾರ್ಬರಿನ ಕೀಲು, ಸ್ಪ್ರಿಂಗಿನ ಬುಶ್, ಸೈಲೆನ್ಸರನ್ನು ತೂಗುಹಾಕಿರುವ ರಬ್ಬರ್ ಇವುಗಳ ಮೇಲೆ ಗಮನ ಹೋಗುತ್ತದೆ. ಕ್ಲಚ್ ಬಿಟ್ಟು ಗಾಡಿ ಮುಂದಕ್ಕೆ ಹಾರುವಾಗ ಒಂದೇ ಸಲ ‘ಟಕ್’ ಎಂದರೆ, ಓಮ್ನಿ ಅಥವಾ ಅಂಬಾಸಿಡರ್‌ನಂಥ ಹಿಂಗಾಲಿಗಳಿಂದ ಓಡುವ ಗಾಡಿಯಲ್ಲಿ, ಪ್ರೊಪೆಲ್ಲರ್ ಶಾಫ್ಟಿನ ಕೀಲನ್ನೋ ಡಿಫರೆನ್ಷಿಯಲನ್ನೋ ನೋಡಬೇಕು. ಮುಂಗಾಲಿಗಳಿಂದ ಓಡುವ ಇಂದಿನ ಸಣ್ಣ ಕಾರುಗಳ ಹಿಂಭಾಗದಲ್ಲಿ ಅವೆರಡೂ ಇರುವುದೇ ಇಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕಿನ ಭಾಗಗಳಲ್ಲಿ ಹುಡುಕಬೇಕು. ಚಕ್ರದ ಸುತ್ತಿಗೆ ಸರಿಯಾಗಿ, ವೇಗ ಹೆಚ್ಚಿದಂತೆ ಸದ್ದೂ ಬೇಗ ಬೇಗ ಬಂದರೆ ಅಲ್ಲೇ ಗಾಡಿ ನಿಲ್ಲಿಸಬೇಕು. ಚಕ್ರದ ನಟ್ಟುಗಳು ಸಡಿಲವಾಗಿರಬಹುದು. ಇದು ಪ್ರಾಣದ ಪ್ರಶ್ನೆ, ನಾಳೆಗೆ ಬಿಡುವ ಮಾತಲ್ಲ.

ಮೂರನೆಯದಾಗಿ, ಖರ್ಚಿಲ್ಲದ ಪರೀಕ್ಷೆಯನ್ನು ಅವನು ಮೊದಲು ಮಾಡುತ್ತಾನೆ. ಡಿಕ್ಕಿಯಲ್ಲಿರುವ ಜಾಕ್, ಸ್ಪ್ಯಾನರ್, ಸ್ಟೆಪ್ನಿ, ಸೀಟಿನಡಿಯ ನೀರಿನ ಬಾಟಲಿ, ಎಲ್ಲವನ್ನೂ ಕೆಳಗಿಳಿಸಿ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಹಂಪಿನ ಮೇಲೆ ಇನ್ನೊಮ್ಮೆ ಓಡಿಸುತ್ತಾನೆ. ಸದ್ದು ಹೋಯಿತೇ? ಹಾಗಾದರೆ ಕಾರಣ ಕೆಳಗಿಳಿಸಿದ ಸಾಮಾನಿನಲ್ಲೇ ಇದೆ. ಹೋಗಲಿಲ್ಲವೇ? ಅವೆಲ್ಲ ನಿರ್ದೋಷಿಗಳು, ಮುಂದಕ್ಕೆ ನೋಡೋಣ. ಉಳಿದದ್ದನ್ನೆಲ್ಲ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ನೋಡುವ ಈ ಕ್ರಮವನ್ನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುಅರ್ಟ್ ಮಿಲ್ 1843ರ ತಮ್ಮ ತರ್ಕಗ್ರಂಥದಲ್ಲಿ ವ್ಯತ್ಯಾಸದ ವಿಧಾನವೆಂದು ವಿವರಿಸಿದರು. ನಮ್ಮ ಮೆಕ್ಯಾನಿಕ್ ಮಿಲ್ ಅವರ ಹೆಸರನ್ನೂ ಕೇಳಿರಲಾರ. ಆದರೂ ಅವರು ಹೇಳಿದ್ದನ್ನು ಪ್ರತಿದಿನ ಮಾಡುತ್ತಾನೆ.

ಇಷ್ಟೆಲ್ಲ ಆದ ಮೇಲೆಯೇ ಅವನು ಗಾಡಿಯಡಿಗೆ ಹೋಗುವುದು. ಮನೆಯಲ್ಲೇ ನೋಡಲು ಹೊರಡುವವರಿಗೆ ಒಂದು ಎಚ್ಚರಿಕೆ: ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ತಲೆ ಇಡಬೇಡಿ. ಚಕ್ರಗಳಿಗೆ ಅಡ್ಡ ಕೊಟ್ಟು, ಭದ್ರವಾದ ಸ್ಟ್ಯಾಂಡ್ ಇಟ್ಟ ಮೇಲೆಯೇ ಆ ಕೆಲಸ.

ಕಾರಣ ಸಿಕ್ಕಿದ ಮೇಲೂ ಹುಡುಕಾಟ ಮುಗಿಯಿತೆನ್ನಲಾಗದು. ಜಪಾನಿನ ಟೊಯೊಟಾ ಕಾರ್ಖಾನೆಯ ಎಂಜಿನಿಯರ್ ತೈಇಚಿ ಓನೊ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಯಂತ್ರವೊಂದು ನಿಂತುಹೋಯಿತು. ಏಕೆ? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಹೆಚ್ಚಾದದ್ದು ಏಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಅದೇಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತಲಿಲ್ಲ. ಅದೇಕೆ? ಪಂಪಿನ ಶಾಫ್ಟು ಸವೆದಿತ್ತು. ಅದೇಕೆ? ಜಾಲರಿ ಇಲ್ಲದ್ದರಿಂದ ಲೋಹದ ಚೂರುಗಳು ಒಳಗೆ ಹೋಗಿದ್ದವು. ಮೊದಲ ‘ಏಕೆ’ಗೇ ನಿಂತಿದ್ದರೆ ಹೊಸ ಫ್ಯೂಸ್ ಹಾಕಿ ಮನೆಗೆ ಹೋಗುತ್ತಿದ್ದರು, ಕೆಲವು ಸಮಯದ ನಂತರ ಯಂತ್ರ ಮತ್ತೆ ನಿಲ್ಲುತ್ತಿತ್ತು. ಐದು ಸಲವೂ ಅವರು ಕೇಳಿದ್ದು ‘ಏಕೆ’ ಎಂದು. ಈ ದೃಷ್ಟಾಂತದಲ್ಲಿ ಒಂದು ಸಲವೂ ‘ಯಾರು’ ಎಂಬ ಮಾತು ಬರುವುದಿಲ್ಲ. ಎರಡನೆಯ ಪ್ರಶ್ನೆಗೇ ‘ಎಣ್ಣೆ ಹಾಕಬೇಕಾದವನು ಯಾರು?’ ಎಂದು ತಿರುಗಿದ್ದರೆ ಒಬ್ಬ ಕಾರ್ಮಿಕನಿಗೆ ಶಿಕ್ಷೆಯಾಗುತ್ತಿತ್ತು, ಜಾಲರಿ ಮಾತ್ರ ಎಂದಿಗೂ ಬರುತ್ತಿರಲಿಲ್ಲ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬುಶ್ಶಿನ ಬದಲು ಶಾಕ್ ಅಬ್ಸಾರ್ಬರ್ ಮೇಲೆ ತಪ್ಪು ಹೊರಿಸಿದರೆ ಅದೂ ತಪ್ಪು ನಿರ್ಣಯವೇ. ಹುಡುಗನ ಮೇಲೆ ಹೊರಿಸಿದ್ದೂ ತಪ್ಪು ನಿರ್ಣಯವೇ. ಇವೆರಡೂ ಒಂದೇ ತೂಕದ ತಪ್ಪುಗಳೇ?

ಈ ಪ್ರಶ್ನೆಯನ್ನು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ವಸ್ತುಗಳ ಬಗ್ಗೆ ತೀರ್ಮಾನಿಸುವುದು ಬೇರೆ, ಮನುಷ್ಯರ ಬಗ್ಗೆ ತೀರ್ಮಾನಿಸುವುದು ಬೇರೆ ಎಂದು ಅವರು ವಿಂಗಡಿಸುತ್ತಾರೆ. ವಸ್ತುವಿನ ಬಗ್ಗೆ ನಾವು ಹೇಗೆ ತೀರ್ಮಾನಿಸಿದರೂ ಆ ವಸ್ತುವಿಗೆ ನೋವಿಲ್ಲ. ಅಲ್ಲಿ ಲಾಭ ನಷ್ಟಗಳೆಲ್ಲ ತೀರ್ಮಾನಿಸುವವನ ಬುದ್ಧಿಗೆ ಸೇರಿದ್ದು. ಆದ್ದರಿಂದ ವಸ್ತುವನ್ನು ಇದ್ದುದು ಇದ್ದಂತೆ ತಿಳಿಯಲು ಯತ್ನಿಸಿದರೆ ಸಾಕು. ಮನುಷ್ಯನ ವಿಷಯದಲ್ಲಿ ಹಾಗಲ್ಲ. ನಾವು ಒಳ್ಳೆಯವನೆಂದರೆ ಅವನಿಗೆ ಗೌರವ, ಕೆಟ್ಟವನೆಂದರೆ ಅವನಿಗೆ ಅಗೌರವ. ನಮ್ಮ ತೀರ್ಮಾನ ಅವನ ಮೈಮೇಲೆ ಹೋಗಿ ಬೀಳುತ್ತದೆ. ಆದ್ದರಿಂದ ಸ್ಪಷ್ಟವಾದ ಆಧಾರ ಇಲ್ಲದಿರುವಾಗ, ಸಂಶಯವನ್ನು ಅವನ ಪರವಾಗಿಯೇ ಅರ್ಥಮಾಡಬೇಕು ಎಂಬುದು ಸಂತರ ನಿಲುವು. ಹೀಗೆ ಮಾಡುವವನು ಕೆಲವೊಮ್ಮೆ ಮೋಸಹೋಗಬಹುದೆಂಬುದು ಅವರಿಗೆ ತಿಳಿಯದ್ದೇನಲ್ಲ. ಕೆಟ್ಟವನೊಬ್ಬನನ್ನು ಒಳ್ಳೆಯವನೆಂದು ಭಾವಿಸಿ ಹಲವು ಸಲ ತಪ್ಪುವುದು, ಒಳ್ಳೆಯವನನ್ನು ಕೆಟ್ಟವನೆಂದು ಭಾವಿಸಿ ಅಪರೂಪಕ್ಕೆ ತಪ್ಪುವುದಕ್ಕಿಂತ ಮೇಲು ಎಂದೇ ಅವರು ಹೇಳುತ್ತಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ತಪ್ಪು ಕಾಣುವ ದುಡುಕಿನ ತೀರ್ಪನ್ನು ಎಂಟನೆಯ ಆಜ್ಞೆಗೆ ವಿರುದ್ಧವಾದ ದೋಷಗಳ ಸಾಲಿನಲ್ಲೇ ಇಟ್ಟಿದೆ.

ಶಾಕ್ ಅಬ್ಸಾರ್ಬರಿಗೆ ಸುರಿದ ಹಣ ನಷ್ಟ, ನಿಜ. ಆದರೆ ಆ ಶಾಕ್ ಅಬ್ಸಾರ್ಬರ್ ರಾತ್ರಿ ನಿದ್ದೆಗೆಟ್ಟು ಅಳುವುದಿಲ್ಲ. ಅದರ ತಾಯಿ ನೆರೆಹೊರೆಯವರ ಎದುರು ತಲೆತಗ್ಗಿಸಬೇಕಾಗಿಲ್ಲ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಬರೆ ತಿಂದ ಎಮ್ಮೆಗೆ ಅದು ನಗೆಯ ಮಾತಲ್ಲ.

ಇನ್ನೊಂದನ್ನೂ ಗಮನಿಸಿ. ನಮ್ಮ ಸಂಶಯ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ನೀರು ತಗ್ಗಿಗೆ ಹರಿಯುವಂತೆ ಅದು ಎದುರು ಮಾತನಾಡಲಾರದವರ ಕಡೆಗೇ ಹರಿಯುತ್ತದೆ. ಅದೇ ಶನಿವಾರ ಗಾಡಿ ಓಡಿಸಿದವರು ಮನೆಯ ಅಳಿಯಂದಿರಾಗಿದ್ದರೆ? ‘ಗಾಡಿ ಹಳೆಯದಾಯಿತು, ಏನು ಮಾಡುವುದು’ ಎನ್ನುತ್ತಿದ್ದೆವು. ಸತ್ಯ ಎರಡೂ ಕಡೆ ಒಂದೇ ಆಗಿತ್ತು. ಸಾಕ್ಷ್ಯವೂ ಒಂದೇ. ಬದಲಾದದ್ದು ಎದುರಿಗಿದ್ದವರ ಸ್ಥಾನಮಾನ ಮಾತ್ರ. ಹೀಗಿರುವಾಗ ನಾವು ಮಾಡಿದ್ದು ವಿಚಾರಣೆ ಎನಿಸಿಕೊಳ್ಳುತ್ತದೆಯೇ?

ಹಾಗಾದರೆ ‘ಯಾರು?’ ಎಂದು ಕೇಳುವಂತೆಯೇ ಇಲ್ಲವೇ ಎಂದು ನೀವು ಆಕ್ಷೇಪಿಸಬಹುದು. ಖಂಡಿತ ಕೇಳಬಹುದು, ಕೆಲವೊಮ್ಮೆ ಕೇಳಲೇಬೇಕು. ಚಕ್ರದ ನಟ್ಟುಗಳನ್ನು ಬಿಗಿಮಾಡದೆ ಕಳುಹಿಸಿದವನು ಯಾರೆಂದು ಕೇಳದೆ ಬಿಟ್ಟರೆ ನಾಳೆ ಇನ್ನೊಂದು ಕುಟುಂಬ ಅಪಾಯಕ್ಕೆ ಸಿಲುಕಬಹುದು. ಹೊಣೆಗಾರಿಕೆ ಇಲ್ಲದೆ ಸಮಾಜ ನಡೆಯದು. ಆದರೆ ‘ಏನು’ ಎಂಬುದು ಸ್ಪಷ್ಟವಾದ ಮೇಲೆ ಮಾತ್ರ ‘ಯಾರು’ ಎಂಬ ಪ್ರಶ್ನೆಗೆ ಅರ್ಥವಿದೆ. ಸದ್ದು ಸವೆದ ರಬ್ಬರಿನದು ಎಂದು ತಿಳಿದಾಗ ‘ಯಾರು?’ ಎಂಬ ಪ್ರಶ್ನೆ ಎಷ್ಟೋ ಸಲ ತಾನಾಗಿಯೇ ಬಿದ್ದುಹೋಗುತ್ತದೆ, ಇಲ್ಲವೇ ‘ಇಷ್ಟು ವರ್ಷ ಸರ್ವಿಸ್ ಮಾಡಿಸದೆ ಇದ್ದವರು ಯಾರು?’ ಎಂದು ಯಜಮಾನರ ಕಡೆಗೇ ತಿರುಗುತ್ತದೆ!

ಗಾಡಿ ರಿಪೇರಿ ಮಾಡುವ ನಮ್ಮ ಸಹೋದರರಿಗೂ ಒಂದು ಮಾತು. ಗೊತ್ತಿಲ್ಲದಾಗ ಗೊತ್ತಿದೆಯೆಂದು ಹೇಳಿ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋಗಿ ಎಲ್ಲದಕ್ಕೂ ಬಿಲ್ಲು ಮಾಡುವುದು ನ್ಯಾಯವಲ್ಲ. ಅದು ನಿಮ್ಮ ಊಹೆಯ ಬೆಲೆಯನ್ನು ಇನ್ನೊಬ್ಬರ ಜೇಬಿನಿಂದ ತೆಗೆದಂತೆ. ‘ಇನ್ನೂ ಗೊತ್ತಾಗಿಲ್ಲ, ಒಂದು ದಿನ ಗಾಡಿ ಬಿಟ್ಟು ಹೋಗಿ’ ಎಂದರೆ ನಿಮ್ಮ ಗೌರವವೇನೂ ಕಡಿಮೆಯಾಗದು. ಗಾಡಿಯ ಯಜಮಾನರೂ ಇಲ್ಲಿ ಯೋಚಿಸಬೇಕು. ‘ಏನಂತ ಈಗಲೇ ಹೇಳು, ಸಂಜೆಗೆ ಗಾಡಿ ಬೇಕು’ ಎಂದು ತಲೆಯ ಮೇಲೆ ನಿಂತರೆ ಅವನು ಊಹಿಸದೆ ಏನು ಮಾಡಬೇಕು? ಹುಡುಕಲು ಹಿಡಿದ ಸಮಯಕ್ಕೆ ಕೂಲಿ ಕೊಡಲು ನಾವು ಹಿಂಜರಿಯುತ್ತೇವೆ, ಹಾಕಿದ ಸಾಮಾನಿಗೆ ಮಾತ್ರ ಹಣ ಎಣಿಸುತ್ತೇವೆ. ಹೀಗಾದಾಗ ಹುಡುಕುವವನು ಸೋಲುತ್ತಾನೆ, ಸಾಮಾನು ಬದಲಾಯಿಸುವವನು ಗೆಲ್ಲುತ್ತಾನೆ. ಪ್ರಾಮಾಣಿಕ ಕೆಲಸ ಬೇಕೆನ್ನುವವರು ಅದಕ್ಕೆ ಬೇಕಾದ ಸಮಯದ ಬೆಲೆಯನ್ನೂ ಕೊಡಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ಸದ್ದು ಕೇಳಬಾರದೆಂದು ಹಾಡಿನ ದನಿ ಏರಿಸುವುದು! ಯಾರ ಮೇಲೂ ತಪ್ಪು ಹೊರಿಸುವುದು ಬೇಡ, ಆದ್ದರಿಂದ ವಿಚಾರಿಸುವುದೂ ಬೇಡ ಎಂಬುದು ಪ್ರೀತಿಯಂತೆ ತೋರಬಹುದು, ಆದರೆ ಅದು ಪ್ರೀತಿಯಲ್ಲ. ಸ್ಪ್ರಿಂಗನ್ನು ಹಿಂದಿನ ಆಕ್ಸಲಿಗೆ ಬಿಗಿದ ಬೋಲ್ಟುಗಳು ಸಡಿಲವಾಗಿದ್ದರೆ, ಮುಖ್ಯ ಪಟ್ಟಿಯೇ ಮುರಿದಿದ್ದರೆ, ಘಟ್ಟದ ತಿರುವಿನಲ್ಲಿ ಗಾಡಿ ಅಂಕೆ ತಪ್ಪಬಹುದು. ಅದರಲ್ಲಿ ಕುಳಿತಿರುವವರು ನಮ್ಮ ಮಕ್ಕಳೇ. ದುಡುಕಿ ತೀರ್ಪು ಕೊಡುವವನೂ ಸುಮ್ಮನಿದ್ದುಬಿಡುವವನೂ ಒಂದೇ ಕಷ್ಟವನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಆ ಕಷ್ಟವೆಂದರೆ ತಾಳ್ಮೆಯಿಂದ ಹುಡುಕುವುದು.

ಗಾಡಿಯಲ್ಲಿ ಕೇಳುವಂಥ ಸದ್ದು ಮನೆಯೊಳಗೂ ಕೇಳುತ್ತದೆ. ಮಗ ಇದ್ದಕ್ಕಿದ್ದಂತೆ ಮಾತು ಬಿಡುತ್ತಾನೆ. ಮಗಳ ಅಂಕಗಳು ಇಳಿಯುತ್ತವೆ. ಗಂಡ ಹೆಂಡಿರ ನಡುವೆ ಸಣ್ಣ ಮಾತಿಗೂ ‘ಟಕ್’ ಎನ್ನುತ್ತದೆ. ಆಗಲೂ ‘ಅವನ ಸ್ನೇಹಿತರಿಂದಲೇ’, ‘ಸೊಸೆ ಬಂದ ಮೇಲೆಯೇ’ ಎಂದು ನಾವು ಕಾಗೆಯನ್ನೇ ತೋರಿಸುತ್ತೇವೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಗಾಡಿಯ ಭಾಗವನ್ನು ಬಿಚ್ಚಿ, ಪಕ್ಕಕ್ಕಿಟ್ಟು, ಅದಿಲ್ಲದೆ ಓಡಿಸಿ ನೋಡಬಹುದು. ಮನುಷ್ಯರನ್ನು ಹಾಗೆ ಬಿಚ್ಚಿ ಪರೀಕ್ಷಿಸಲಾಗದು. ಆದರೆ ಬುಶ್ಶಿಗೆ ಬಾಯಿಲ್ಲ, ಮನುಷ್ಯನಿಗೆ ಇದೆ. ಅವನನ್ನೇ ಕೇಳಬಹುದು. ‘ಯಾಕೆ ಹೀಗೆ ಮಾಡ್ದೆ?’ ಎಂಬ ಪ್ರಶ್ನೆಯಲ್ಲಿ ತೀರ್ಪು ಆಗಲೇ ಅಡಗಿದೆ. ‘ಏನಾಯ್ತು, ಮಗಾ?’ ಎಂಬ ಪ್ರಶ್ನೆಯಲ್ಲಿ ಅದಿಲ್ಲ. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯುವುದು ಕೇಳಿದವರ ಕರ್ತವ್ಯ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದರು ಹಿರಿಯರು. ಕಣ್ಣಿಂದ ಕಂಡದ್ದಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ, ಬರೀ ಕಿವಿಗೆ ಬಿದ್ದ ಒಂದು ‘ಟಕ್’ ಸದ್ದಿಗೆ ಎಷ್ಟು ಬೇಡ! ಮುಂದಿನ ಸಲ ನಿಮ್ಮ ಗಾಡಿಯ ಹಿಂದೆ ಸದ್ದು ಬಂದಾಗ ಚಕ್ರದ ನಟ್ಟುಗಳನ್ನು ನೋಡಿ, ಡಿಕ್ಕಿಯನ್ನು ಬರಿದು ಮಾಡಿ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ. ಹಿಂದಿನ ಯಾವುದೋ ಸದ್ದಿಗೆ ನಿಮ್ಮ ಮನೆಯಿಂದ ಯಾರಾದರೂ ಹೊಣೆಯಾಗಿ ಹೋಗಿದ್ದರೆ, ಕಾರಣ ಬೇರೆಯೆಂದು ನಿಮಗೆ ಈಗ ತಿಳಿದಿದ್ದರೆ, ಅವರ ಮನೆ ಬಹಳ ದೂರವೇನೂ ಇರಲಾರದು. ಹಿಡಿದುಕೊಂಡ ಕೂಲಿಯನ್ನು ಅವರ ಕೈಗೆ ಕೊಡಿ. ಅವರ ಬಗ್ಗೆ ಯಾವ ಮನೆಗಳಲ್ಲಿ ಮಾತನಾಡಿದ್ದಿರೋ ಆ ಮನೆಗಳಿಗೂ ಹೋಗಿ, ಅಂದಿನ ಸದ್ದು ರಬ್ಬರಿನದೆಂದು ತಿಳಿಸಿ ಬನ್ನಿ.